ಬೆನ್ನಿರೋ ಕುರ್ಚಿ: ಪ್ಯಾರಿಸ್‌ನ ಒಂದು ಫ್ಯಾಷನ್ ಹೌಸ್ ಮತ್ತು ಎರಡು ಯುದ್ಧಗಳ ನಡುವಿನ ಹೆಣ್ಣುಮಕ್ಕಳು

ಮೆಟ್ರೋದಲ್ಲಿ ನಿಂತುಕೊಂಡು ಕೇಳ್ತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಕೇಳೋಕೆ ಟೈಮ್ ಇಲ್ಲದೆ ಇಲ್ಲಿ ಓದ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆ ಫ್ಯಾಷನ್ ಬಗ್ಗೆ. ಆದ್ರೆ ನಾನು ಶುರು ಮಾಡೋದು ಒಂದು ಸ್ಟೂಲಿನಿಂದ.

ನಮ್ಮಮ್ಮ ಬೆಂಗಳೂರಲ್ಲಿ ಒಂಬತ್ತು ವರ್ಷ ಗಾರ್ಮೆಂಟ್ಸ್‌ಗೆ ಹೋಗ್ತಿದ್ರು. ಶರ್ಟಿಗೆ ಕಾಲರ್ ಕೂರಿಸೋ ಕೆಲಸ. ಸಂಜೆ ಮನೆಗೆ ಬಂದ ತಕ್ಷಣ ಗೋಡೆಗೆ ಒರಗಿ, ಕಾಲು ಚಾಚಿ ಕೂತುಬಿಡೋರು. ಹತ್ತು ನಿಮಿಷ ಯಾರೂ ಮಾತಾಡಿಸೋ ಹಾಗಿಲ್ಲ. ನಾನಾಗ ಹೈಸ್ಕೂಲು. "ಅಮ್ಮ, ಅಲ್ಲೂ ಕೂತ್ಕೊಂಡೇ ತಾನೆ ಕೆಲಸ ಮಾಡೋದು? ಮತ್ತೆ ಇಷ್ಟು ಸುಸ್ತು ಯಾಕೆ?" ಅಂತ ಒಂದ್ಸಲ ಕೇಳಿದ್ದೆ. "ಸ್ಟೂಲಿಗೆ ಬೆನ್ನಿರಲ್ಲ ಕಣೇ" ಅಂದ್ರು. ಅಷ್ಟೇ ಉತ್ತರ.

ಆಮೇಲೆ ನಾನು ಬಿಕಾಂ ಮಾಡಿದೆ, ಬ್ಯಾಲೆನ್ಸ್ ಶೀಟ್ ಓದೋದು ಕಲಿತೆ, ಈ ಪಾಡ್‌ಕಾಸ್ಟ್ ಶುರು ಮಾಡಿದೆ. ಹೋದ ತಿಂಗಳು 1920ರ ದಶಕದ ಪ್ಯಾರಿಸ್ ಬಗ್ಗೆ ಓದ್ತಾ ಇರುವಾಗ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ಅಲ್ಲಿನ ಒಬ್ಬ ಫ್ಯಾಷನ್ ಹೌಸ್ ಒಡತಿ ತನ್ನ ಹೊಲಿಗೆ ಹೆಣ್ಣುಮಕ್ಕಳಿಗೆ ಸ್ಟೂಲ್ ಬದಲು ಬೆನ್ನಿರೋ ಕುರ್ಚಿ ಹಾಕಿಸಿದ್ರು. ನೂರು ವರ್ಷದ ಹಿಂದೆ. ನಾನು ಅಲ್ಲೇ ನಿಂತೆ. ಯಾರೀಕೆ?

ಹೆಸರು ಮಾಡ್ಲೆನ್ ವಿಯೊನೆ. ಶನೆಲ್ ಹೆಸರು ಎಲ್ಲರಿಗೂ ಗೊತ್ತು, ವಿಯೊನೆ ಹೆಸರು ಬಟ್ಟೆ ಹೊಲಿಯೋದನ್ನ ಓದಿದವರನ್ನ ಬಿಟ್ರೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಆದ್ರೆ ಮೊದಲ ಮಹಾಯುದ್ಧ ಮತ್ತು ಎರಡನೇ ಮಹಾಯುದ್ಧದ ನಡುವೆ ಹೆಣ್ಣಿನ ಮೈಗೆ, ಹೆಣ್ಣಿನ ದುಡಿಮೆಗೆ ಏನಾಯ್ತು ಅನ್ನೋದನ್ನ ಆಕೆಯ ಕಥೆಯಲ್ಲಿ ನೋಡಬಹುದು.

ಹನ್ನೊಂದು ವರ್ಷಕ್ಕೇ ಸೂಜಿ

ವಿಯೊನೆ ಹುಟ್ಟಿದ್ದು 1876ರಲ್ಲಿ, ಫ್ರಾನ್ಸ್‌ನ ಲ್ವಾರೆ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಬಡ ಮನೆ. ಸ್ಕೂಲಲ್ಲಿ ಚೆನ್ನಾಗಿ ಓದ್ತಿದ್ದ ಹುಡುಗಿ. ಆದ್ರೂ ಹನ್ನೊಂದು ಹನ್ನೆರಡು ವರ್ಷಕ್ಕೆ ಓದು ಬಿಡಿಸಿ ಹೊಲಿಗೆ ಅಂಗಡಿಗೆ ಕೆಲಸ ಕಲಿಯೋಕೆ ಸೇರಿಸಿದ್ರು. ಇನ್ನೂ ಇಪ್ಪತ್ತು ದಾಟೋ ಮೊದಲೇ ಮದುವೆ ಆಯ್ತು, ಒಂದು ಹೆಣ್ಣು ಮಗು ಹುಟ್ಟಿತು, ಆ ಮಗು ತೀರಿಕೊಂಡಿತು, ಮದುವೆಯೂ ಮುರಿದುಬಿತ್ತು. ಹತ್ತೊಂಬತ್ತನೇ ಶತಮಾನದ ಫ್ರಾನ್ಸ್‌ನಲ್ಲಿ ಗಂಡನ್ನ ಬಿಟ್ಟ, ದುಡ್ಡಿಲ್ಲದ, ಓದಿಲ್ಲದ ಹುಡುಗಿ ಏನು ಮಾಡ್ಬೇಕು? ಆಕೆ ಲಂಡನ್‌ಗೆ ಹೋದ್ರು. ಅಲ್ಲಿ ಹೊಲಿಗೆ ಕೆಲಸ ಮಾಡ್ತಾ ಕೆಲವು ವರ್ಷ ಇದ್ದು, 1900ರ ಸುಮಾರಿಗೆ ಪ್ಯಾರಿಸ್‌ಗೆ ವಾಪಸ್ ಬಂದ್ರು.

ಪ್ಯಾರಿಸ್‌ನಲ್ಲಿ ಕಾಲೋ ಸೋದರಿಯರ ಹೆಸರಾಂತ ಫ್ಯಾಷನ್ ಹೌಸ್‌ನಲ್ಲಿ ಕೆಲಸ ಸಿಕ್ತು. ಮುಂದೆ ವಿಯೊನೆ ಹೇಳ್ಕೋತಿದ್ರಂತೆ, ಆ ಸೋದರಿಯರು ಇಲ್ಲದಿದ್ರೆ ನಾನು ಜೀವನ ಪೂರ್ತಿ ಫೋರ್ಡ್ ಕಾರುಗಳನ್ನೇ ಮಾಡ್ತಿದ್ದೆ, ಅವರಿಂದಾಗಿ ರೋಲ್ಸ್‌ರಾಯ್ಸ್ ಮಾಡೋಕೆ ಕಲಿತೆ ಅಂತ. ಗುರುವಿನ ಋಣ ಒಪ್ಪಿಕೊಳ್ಳೋ ರೀತಿ ನೋಡಿ!

1907ರಲ್ಲಿ ಜಾಕ್ ದೂಸೆ ಅನ್ನೋ ಇನ್ನೊಂದು ದೊಡ್ಡ ಹೌಸ್‌ಗೆ ಸೇರಿದ್ರು. ಹಳೇ ಹೌಸ್‌ಗೆ ಹೊಸ ಜೀವ ಕೊಡಿ ಅಂತ ಕರೆಸಿಕೊಂಡಿದ್ದು. ಆಕೆ ಹೊಸ ಜೀವ ಸ್ವಲ್ಪ ಜಾಸ್ತಿನೇ ಕೊಟ್ರು. ಮಾಡೆಲ್‌ಗಳ ಕಾರ್ಸೆಟ್ ಬಿಚ್ಚಿಸಿ, ಬರಿಗಾಲಲ್ಲಿ ನಡೆಸಿದ್ರು.

ಕಾರ್ಸೆಟ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ: ತಿಮಿಂಗಿಲದ ಬಾಯಿಂದ ತೆಗೆದ ಗಟ್ಟಿ ಪಟ್ಟಿಗಳನ್ನೋ ಉಕ್ಕಿನ ಕಡ್ಡಿಗಳನ್ನೋ ಸೇರಿಸಿ ಹೊಲಿದ ಬಿಗಿ ಒಳಉಡುಪು. ಹಿಂದುಗಡೆ ಲೇಸ್ ಎಳೆದು ಕಟ್ತಾರೆ. ಅದನ್ನ ಹಾಕಿಕೊಂಡ್ರೆ ಬಗ್ಗೋದು ಕಷ್ಟ, ಓಡೋದು ಕಷ್ಟ, ಹೊಟ್ಟೆ ತುಂಬ ಉಸಿರು ಎಳೆಯೋದೂ ಕಷ್ಟ. ಮರ್ಯಾದಸ್ಥ ಹೆಂಗಸು ಅಂದ್ರೆ ಅದು ಇರಲೇಬೇಕು ಅಂತ ಆಗಿನ ಲೆಕ್ಕ. ಹಾಗಾಗಿ ದೂಸೆ ಅಂಗಡಿಯ ಮಾರಾಟದ ಹೆಂಗಸರೇ ವಿಯೊನೆಯ ಬಟ್ಟೆ ತೋರಿಸೋಕೆ ಹಿಂಜರಿದ್ರು.

ಒಂದು ಮಾತು ಇಲ್ಲೇ ಹೇಳ್ಬೇಕು. ಕಾರ್ಸೆಟ್ ತೆಗೆಸಿದ್ದು ನಾನೇ ಅಂತ ಹೇಳ್ಕೊಂಡವರು ತುಂಬಾ ಜನ. ಪೊಲ್ ಪ್ವಾರೆ ಅನ್ನೋ ಡಿಸೈನರ್ ಕೂಡ ಅದೇ ಹೊತ್ತಿಗೆ ಅದನ್ನೇ ಮಾಡ್ತಿದ್ದ. ಆದ್ರೆ ಅದೇ ಪ್ವಾರೆ ಮುಂದೆ ಮೊಣಕಾಲ ಹತ್ರ ಎಷ್ಟು ಕಿರಿದಾದ ಸ್ಕರ್ಟ್ ಮಾಡಿದ ಅಂದ್ರೆ, ಹಾಕಿಕೊಂಡವರಿಗೆ ಒಂದು ಹೆಜ್ಜೆ ಅಗಲವಾಗಿ ಇಡೋಕೆ ಆಗ್ತಿರಲಿಲ್ಲ. ಸೊಂಟ ಬಿಟ್ಟು ಕಾಲು ಕಟ್ಟಿದ ಹಾಗೆ.

ಒಂದು ಕರ್ಚೀಫ್ ತಗೊಳ್ಳಿ

1912ರಲ್ಲಿ ವಿಯೊನೆ ಪ್ಯಾರಿಸ್‌ನ ರಿವೊಲಿ ರಸ್ತೆಯಲ್ಲಿ ಸ್ವಂತ ಹೌಸ್ ತೆರೆದರು. ಎರಡು ವರ್ಷಕ್ಕೇ ಯುದ್ಧ ಬಂತು, ಬಾಗಿಲು ಹಾಕಬೇಕಾಯ್ತು. ಯುದ್ಧ ಮುಗಿಯೋ ಹೊತ್ತಿಗೆ ಮತ್ತೆ ತೆರೆದರು. ಆಕೆಯ ನಿಜವಾದ ಕೆಲಸ ಶುರುವಾಗೋದು ಇಲ್ಲಿಂದ. ಅದು ಅರ್ಥ ಆಗ್ಬೇಕು ಅಂದ್ರೆ ಒಂದು ಪ್ರಯೋಗ ಮಾಡಿ.

ಒಂದು ಕಾಟನ್ ಕರ್ಚೀಫ್ ತಗೊಳ್ಳಿ. ಎದುರುಬದುರಿನ ಎರಡು ಅಂಚು ಹಿಡಿದು ನೇರ ಎಳೀರಿ. ಅದು ಹಿಗ್ಗಲ್ಲ. ಈಗ ಮೂಲೆಯಿಂದ ಮೂಲೆಗೆ ಹಿಡಿದು ಎಳೀರಿ. ಹಿಗ್ಗುತ್ತೆ ಅಲ್ವಾ? ಯಾಕೆ ಅಂದ್ರೆ ಬಟ್ಟೆ ಅಂದ್ರೆ ಹಾಸು ಮತ್ತು ಹೊಕ್ಕು, ಉದ್ದದ ನೂಲು ಮತ್ತು ಅಡ್ಡದ ನೂಲು. ಆ ನೂಲಿನ ದಿಕ್ಕಲ್ಲೇ ಎಳೆದ್ರೆ ಅದು ಜಗ್ಗಲ್ಲ. ಓರೆಯಾಗಿ, 45 ಡಿಗ್ರಿಯಲ್ಲಿ ಎಳೆದ್ರೆ ಚೌಕಗಳು ಓರೆಯಾಗಿ ಸರಿದು ಜಾಗ ಕೊಡುತ್ತವೆ. ನಮ್ಮ ಟೈಲರ್‌ಗಳು ಇದಕ್ಕೆ "ಕ್ರಾಸ್" ಅಂತಾರೆ. ಕ್ರಾಸ್ ಕಟ್ ಬ್ಲೌಸ್ ಹೊಲಿಸಿದವರಿಗೆ ಗೊತ್ತು, ಅದು ಮೈಗೆ ಕೂರೋ ರೀತಿನೇ ಬೇರೆ.

ಕ್ರಾಸ್ ಪಟ್ಟಿ ಮೊದಲೂ ಇತ್ತು. ಕತ್ತಿಗೆ, ಅಂಚಿಗೆ, ಅಲ್ಲಲ್ಲಿ ಬಳಸ್ತಿದ್ರು. ವಿಯೊನೆ ಇಡೀ ಡ್ರೆಸ್ಸನ್ನೇ ಕ್ರಾಸ್‌ನಲ್ಲಿ ಕತ್ತರಿಸಿದ್ರು. ಒಳಗೆ ಕಡ್ಡಿ ಇಲ್ಲ, ದಪ್ಪ ಲೈನಿಂಗ್ ಇಲ್ಲ, ಎಷ್ಟೋ ಡ್ರೆಸ್‌ಗಳಲ್ಲಿ ಗುಂಡಿ, ಕೊಕ್ಕೆಯೂ ಇಲ್ಲ. ತಲೆ ಮೇಲಿಂದ ಹಾಕಿಕೊಂಡ್ರೆ ಬಟ್ಟೆ ತಾನಾಗೇ ಮೈ ಗುರುತಿಸಿ ಕೂರುತ್ತೆ, ನಡೆದ್ರೆ ಜೊತೆಗೇ ನಡೆಯುತ್ತೆ. ಬಳಸಿದ್ದು ಹೆಚ್ಚಾಗಿ ರೇಷ್ಮೆ ಕ್ರೇಪ್, ಅಂದ್ರೆ ನೂಲನ್ನ ಬಿಗಿಯಾಗಿ ಹುರಿ ಮಾಡಿ ನೇಯ್ದ ಬಟ್ಟೆ. ಮೈಸೂರು ಕ್ರೇಪ್ ಸಿಲ್ಕ್ ಸೀರೆ ಮುಟ್ಟಿ ನೋಡಿದವರಿಗೆ ಆ ಜಾರೋ ಭಾರ ಅಂದ್ರೆ ಏನು ಅಂತ ಹೇಳಬೇಕಿಲ್ಲ.

ಕ್ರಾಸ್‌ನಲ್ಲಿ ಕತ್ತರಿಸೋಕೆ ಅಗಲವಾದ ಬಟ್ಟೆ ಬೇಕು. ಮಾಮೂಲಿ ಪನ್ನ ಸಾಲಲ್ಲ. ಬಿಯಾಂಕಿನಿ-ಫೆರಿಯೆ ಅನ್ನೋ ರೇಷ್ಮೆ ಕಂಪನಿಯಿಂದ ಮಾಮೂಲಿಗಿಂತ ಅಗಲದ ಕ್ರೇಪ್ ನೇಯಿಸಿ ತರಿಸ್ತಿದ್ರು. ಇನ್ನೊಂದು ವಿಷಯ, ವಿಯೊನೆ ಕಾಗದದ ಮೇಲೆ ಚಿತ್ರ ಬರೆದು ಡಿಸೈನ್ ಮಾಡ್ತಿರಲಿಲ್ಲ. ಮರದ ಒಂದು ಚಿಕ್ಕ ಗೊಂಬೆ ಇತ್ತು, ಆಳೆತ್ತರದ ಅರ್ಧದಷ್ಟು. ಅದರ ಮೇಲೆ ಬಟ್ಟೆ ಸುತ್ತಿ, ಪಿನ್ನು ಚುಚ್ಚಿ, ಕತ್ತರಿಸಿ ನೋಡ್ತಿದ್ರು. ಆಮೇಲೆ ಅದನ್ನ ದೊಡ್ಡದು ಮಾಡೋದು.

ಬೀದಿಗಿಳಿದ ಹೊಲಿಗೆಯವರು

ಈಗ ಡ್ರೆಸ್ ಹಾಕಿಕೊಂಡವರನ್ನ ಬಿಟ್ಟು ಹೊಲಿದವರ ಕಡೆ ಬರೋಣ.

ಪ್ಯಾರಿಸ್‌ನ ಹೊಲಿಗೆ ಹುಡುಗಿಯರಿಗೆ "ಮಿದಿನೆತ್" ಅಂತ ಹೆಸರು. ಮಧ್ಯಾಹ್ನದ ಪುಟ್ಟ ಊಟ ಅನ್ನೋ ಅರ್ಥದ ಪದಗಳಿಂದ ಬಂದಿದ್ದು. ಅರ್ಧ ಗಂಟೆ ಸಿಕ್ಕರೆ ಪಾರ್ಕಿನ ಬೆಂಚಲ್ಲಿ ಬ್ರೆಡ್ ತಿಂದು ಓಡೋ ಹುಡುಗಿಯರು. ಹಾಡುಗಳಲ್ಲಿ, ಕಾರ್ಟೂನುಗಳಲ್ಲಿ ಅವರನ್ನ ನಗುನಗುತ್ತಾ ಇರೋ ಚೆಲುವೆಯರ ಹಾಗೆ ತೋರಿಸ್ತಿದ್ರು. ನಿಜದಲ್ಲಿ ಸೀಸನ್ ಇದ್ದಾಗ ರಾತ್ರಿ ತನಕ ಕೆಲಸ, ಸೀಸನ್ ಇಲ್ಲದಾಗ ಕೆಲಸವೇ ಇಲ್ಲ, ಸಂಬಳವೂ ಇಲ್ಲ.

1917ರ ಮೇ ತಿಂಗಳು. ಯುದ್ಧ ಮೂರನೇ ವರ್ಷ ಮುಗಿಸ್ತಾ ಇದೆ. ಬೆಲೆ ಏರಿದೆ. ಷಾಂಜೆಲಿಜೆ ಮೇಲಿದ್ದ ಜೆನ್ನಿ ಅನ್ನೋ ಫ್ಯಾಷನ್ ಹೌಸ್‌ನವರು ಶನಿವಾರ ಮಧ್ಯಾಹ್ನ ರಜೆ ಅಂದ್ರು. ಖುಷಿ ಪಡಬೇಡಿ, ಆ ಅರ್ಧ ದಿನದ ಸಂಬಳ ಕಟ್. ಹುಡುಗಿಯರು ಎದ್ದು ಹೊರಗೆ ಬಂದ್ರು. ಕೆಲವೇ ದಿನಗಳಲ್ಲಿ ಬೇರೆ ಬೇರೆ ಹೌಸ್‌ಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಯಲ್ಲಿ. ಕೇಳಿದ್ದು ಎರಡೇ: ಸಂಬಳ ಸಹಿತ ಶನಿವಾರ ಅರ್ಧ ದಿನ ರಜೆ, ಬೆಲೆ ಏರಿಕೆಗೆ ದಿನಕ್ಕೆ ಒಂದು ಫ್ರಾಂಕ್ ಭತ್ಯೆ. ಒಂದು ತಿಂಗಳಲ್ಲಿ, 1917ರ ಜೂನ್ 11ಕ್ಕೆ, ಉಡುಪು ಉದ್ಯಮದ ಹೆಂಗಸರಿಗೆ ಆ ಶನಿವಾರದ ಅರ್ಧ ದಿನ ರಜೆಯನ್ನ ಕಾನೂನೇ ಕೊಟ್ಟಿತು.

ಇದನ್ನ ಓದುವಾಗ ನನಗೆ 2016ರ ಏಪ್ರಿಲ್ ನೆನಪಾಯ್ತು. ಪಿಎಫ್ ದುಡ್ಡು ತೆಗೆಯೋ ನಿಯಮ ಬದಲಾಯಿತು ಅಂತ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗಿಳಿದ್ರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಅಮ್ಮನೂ ಆ ಗುಂಪಲ್ಲಿದ್ರು. ಚಪ್ಪಲಿ ಕಳ್ಕೊಂಡು ಮನೆಗೆ ಬಂದಿದ್ರು.

ಅವೆನ್ಯೂ ಮಾಂಟೇನ್, ನಂಬರ್ 50

1923ರಲ್ಲಿ ವಿಯೊನೆ ತಮ್ಮ ಹೌಸನ್ನ ಅವೆನ್ಯೂ ಮಾಂಟೇನ್‌ನ 50ನೇ ನಂಬರಿನ ಭವ್ಯ ಕಟ್ಟಡಕ್ಕೆ ತಂದ್ರು. ಮುಂದುಗಡೆ ಗಿರಾಕಿಗಳಿಗೆ ಲಾಲಿಕ್ ಗಾಜು, ಗೋಡೆ ಚಿತ್ರ, ಎಲ್ಲಾ ವೈಭವ. ಹಿಂದೆ ಸಾವಿರಕ್ಕೂ ಹೆಚ್ಚು ಜನ ದುಡಿಯೋ ಹೊಲಿಗೆ ಕೋಣೆಗಳು. ಅಲ್ಲೇನಿತ್ತು ಕೇಳಿ: ಗಾಳಿ ಬೆಳಕು ಬರೋ ಕೋಣೆ, ಬೆನ್ನಿರೋ ಕುರ್ಚಿ, ಊಟದ ಹಾಲ್, ಡಾಕ್ಟರು, ಹಲ್ಲಿನ ಡಾಕ್ಟರು, ಮಕ್ಕಳನ್ನ ಬಿಡೋಕೆ ಶಿಶುಪಾಲನಾ ಕೋಣೆ, ಹೆರಿಗೆ ರಜೆ, ಸಂಬಳ ಸಹಿತ ರಜೆ. ಫ್ರಾನ್ಸ್‌ನಲ್ಲಿ ಎಲ್ಲ ಕಾರ್ಮಿಕರಿಗೂ ಸಂಬಳ ಸಹಿತ ರಜೆ ಕಾನೂನಾಗಿ ಬಂದಿದ್ದು 1936ರಲ್ಲಿ. ವಿಯೊನೆ ಅದಕ್ಕೂ ಮೊದಲೇ ಕೊಟ್ಟಿದ್ರು.

ಹನ್ನೊಂದು ವರ್ಷಕ್ಕೆ ಬೇರೆಯವರ ಅಂಗಡಿಯಲ್ಲಿ ಕೂತು ಹೊಲಿದವರಿಗೆ ಬೆನ್ನು ನೋವು ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ನಾನು ಕಾಮರ್ಸ್ ಹುಡುಗಿ, ಇನ್ನೊಂದು ಲೆಕ್ಕವೂ ಕಾಣುತ್ತೆ. ಕ್ರಾಸ್‌ನಲ್ಲಿ ಕತ್ತರಿಸಿದ ಕ್ರೇಪ್ ಹೊಲಿಯೋದು ತುಂಬಾ ಕಷ್ಟ. ಕೈ ತಪ್ಪಿದ್ರೆ ಬಟ್ಟೆ ಜಗ್ಗಿ ಹಾಳು. ಆ ಕೈಚಳಕ ಬರೋಕೆ ವರ್ಷಗಳು ಬೇಕು. ಅಷ್ಟು ಕಲಿತ ಹುಡುಗಿ ಕೆಲಸ ಬಿಟ್ಟು ಹೋದ್ರೆ ನಷ್ಟ ಯಾರಿಗೆ? ಆಕೆ ಒಳ್ಳೆಯವರಾಗಿದ್ದರಿಂದ ಕೊಟ್ರೋ, ಲಾಭ ಇದ್ದಿದ್ದರಿಂದ ಕೊಟ್ರೋ ಅಂತ ಜಗಳ ಬೇಡ. ನನ್ನ ಪ್ರಕಾರ ಎರಡೂ ಒಟ್ಟಿಗೇ ಇತ್ತು.

ದುಡ್ಡಿನ ಮಾತು ಬಂತಲ್ಲ, ಹೌಸ್ ಪೂರ್ತಿ ಆಕೆಯದೇ ಆಗಿರಲಿಲ್ಲ. ಈ ದೊಡ್ಡ ಕಟ್ಟಡಕ್ಕೆ ಬಂಡವಾಳ ಹಾಕಿದವರಲ್ಲಿ ಗ್ಯಾಲರಿ ಲಾಫಯೆತ್ ಡಿಪಾರ್ಟ್‌ಮೆಂಟ್ ಸ್ಟೋರ್‌ನ ತೆಯೋಫಿಲ್ ಬಾದೇರ್ ಒಬ್ಬರು. ಅದೇ ಬಾದೇರ್ 1924ರಲ್ಲಿ ಶನೆಲ್ ಪರ್ಫ್ಯೂಮ್ ಕಂಪನಿಯಲ್ಲೂ ಇದ್ರು: ಬಾದೇರ್‌ಗೆ ಶೇ. 20, ವರ್ತೈಮರ್ ಸೋದರರಿಗೆ ಶೇ. 70, ಶನೆಲ್‌ಗೆ ಶೇ. 10. ಬಾಟಲಿ ಮೇಲೆ ಹೆಸರು ಶನೆಲ್‌ದು, ಲಾಭದಲ್ಲಿ ಪಾಲು ಹತ್ತೇ ಪರ್ಸೆಂಟ್. ಬೋರ್ಡಿನ ಮೇಲಿರೋ ಹೆಸರೇ ಬೇರೆ, ಷೇರು ಪಟ್ಟಿಯಲ್ಲಿರೋ ಹೆಸರೇ ಬೇರೆ.

ಹೆಬ್ಬೆಟ್ಟು

ನನಗೆ ತುಂಬಾ ಇಷ್ಟವಾದ ಭಾಗ ಇದು. ವಿಯೊನೆಯ ಡ್ರೆಸ್‌ಗಳನ್ನ ಕದ್ದು ಕಾಪಿ ಮಾಡೋರು ತುಂಬಾ ಇದ್ರು. ಆಕೆ ಸುಮ್ಮನೆ ಇರಲಿಲ್ಲ, ಕೋರ್ಟಿಗೆ ಹೋದ್ರು. ಪ್ರತಿ ಡ್ರೆಸ್ಸನ್ನೂ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆಸಿ ಆಲ್ಬಮ್‌ನಲ್ಲಿ ದಾಖಲೆ ಇಟ್ಟರು. ಜೊತೆಗೆ ಅಸಲಿ ಬಟ್ಟೆಯ ಲೇಬಲ್ ಮೇಲೆ ಸಹಿಯ ಜೊತೆ ತಮ್ಮ ಹೆಬ್ಬೆರಳ ಗುರುತು.

ನಮ್ಮಲ್ಲಿ ಹೆಬ್ಬೆಟ್ಟು ಅಂದ್ರೆ ಬೈಗುಳ. ಓದು ಬರಹ ಇಲ್ಲದವರನ್ನ ಹೀಯಾಳಿಸೋ ಮಾತು. ಇಲ್ಲಿ ನೋಡಿ, ಹನ್ನೊಂದಕ್ಕೇ ಓದು ಬಿಟ್ಟ ಒಬ್ಬ ಹೆಣ್ಣುಮಗಳು ಪ್ಯಾರಿಸ್‌ನ ಅತಿ ದುಬಾರಿ ಬಟ್ಟೆ ಮೇಲೆ ತನ್ನ ಹೆಬ್ಬೆಟ್ಟನ್ನೇ ಬ್ರಾಂಡ್ ಮಾಡಿ ಒತ್ತಿದ್ರು. ಇದು ನನ್ನ ಕೈ ಕೆಲಸ, ಇದಕ್ಕೆ ಬೆಲೆ ಇದೆ ಅಂತ.

ಸ್ಕರ್ಟ್ ಮೇಲೆ ಹೋಯ್ತು, ಕಾನೂನು ಅಲ್ಲೇ ನಿಂತಿತು

1920ರ ದಶಕ ಅಂದ ತಕ್ಷಣ ಕಣ್ಮುಂದೆ ಬರೋದು ಕತ್ತರಿಸಿದ ಕೂದಲು, ಮೊಣಕಾಲ ತನಕದ ಸ್ಕರ್ಟು, ಸಿಗರೇಟು, ಜಾಝ್. 1922ರಲ್ಲಿ "ಲಾ ಗಾರ್ಸೊನ್" ಅನ್ನೋ ಕಾದಂಬರಿ ಬಂತು, ತನ್ನಿಷ್ಟದ ಹಾಗೆ ಬದುಕೋ ಹುಡುಗಿಯ ಕಥೆ. ಬರೆದ ವಿಕ್ಟರ್ ಮಾರ್ಗ್‌ರಿತ್‌ಗೆ ಕೊಟ್ಟಿದ್ದ ರಾಷ್ಟ್ರೀಯ ಗೌರವವನ್ನೇ ಕಿತ್ಕೊಂಡ್ರು. ಪುಸ್ತಕ ಮಾತ್ರ ರಾಶಿ ರಾಶಿ ಮಾರಾಟ ಆಯ್ತು.

ಅದೇ ಫ್ರಾನ್ಸ್‌ನ ಕಾನೂನು ಪುಸ್ತಕ ತೆಗೆದು ನೋಡಿ. 1804ರ ನೆಪೋಲಿಯನ್ ಸಂಹಿತೆ ಪ್ರಕಾರ ಹೆಂಡತಿ ಗಂಡನ ಮಾತು ಕೇಳಲೇಬೇಕು. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಒಪ್ಪಂದಕ್ಕೆ ಸಹಿ ಹಾಕೋ ಹಾಗಿಲ್ಲ, ಕೋರ್ಟಿಗೆ ಹೋಗೋ ಹಾಗಿಲ್ಲ. ತಾನು ದುಡಿದ ಸಂಬಳವನ್ನ ತಾನೇ ಖರ್ಚು ಮಾಡೋ ಹಕ್ಕು ಸಿಕ್ಕಿದ್ದು 1907ರ ಜುಲೈ 13ಕ್ಕೆ. ಮಾತು ಕೇಳಲೇಬೇಕು ಅನ್ನೋ ಸಾಲು ತೆಗೆದಿದ್ದು 1938ರಲ್ಲಿ. ಗಂಡನ ತಕರಾರಿಲ್ಲದೆ ಕೆಲಸಕ್ಕೆ ಸೇರೋ, ತನ್ನ ಹೆಸರಲ್ಲಿ ಬ್ಯಾಂಕ್ ಖಾತೆ ತೆಗೆಯೋ ಹಕ್ಕು ಬಂದಿದ್ದು 1965ರಲ್ಲಿ, ಅದೂ ಜುಲೈ 13ಕ್ಕೇ. ಸಂಬಳ ಖರ್ಚು ಮಾಡೋ ಹಕ್ಕಿಗೂ ಖಾತೆ ತೆಗೆಯೋ ಹಕ್ಕಿಗೂ ನಡುವೆ ಸರಿಯಾಗಿ 58 ವರ್ಷ.

ಯುದ್ಧದಲ್ಲಿ ಫ್ರಾನ್ಸ್ ಹದಿಮೂರು ಲಕ್ಷಕ್ಕೂ ಹೆಚ್ಚು ಗಂಡಸರನ್ನ ಕಳ್ಕೊಂಡಿತ್ತು. ಗಂಡಸರು ಮುಂಚೂಣಿಯಲ್ಲಿದ್ದಾಗ ಮದ್ದುಗುಂಡು ಕಾರ್ಖಾನೆಯಿಂದ ಟ್ರ್ಯಾಮ್ ತನಕ ಓಡಿಸಿದ್ದು ಹೆಂಗಸರೇ. ಯುದ್ಧ ಮುಗಿದ ಮೇಲೆ ಸರ್ಕಾರ ಹೇಳಿದ್ದು ಏನು? ಮನೆಗೆ ಹೋಗಿ, ಮಕ್ಕಳು ಮಾಡಿ. 1920ರಲ್ಲಿ ಗರ್ಭನಿರೋಧಕದ ಪ್ರಚಾರವನ್ನೇ ಅಪರಾಧ ಮಾಡೋ ಕಾನೂನು ಬಂತು. ವೋಟಿನ ಕಥೆ ಇನ್ನೂ ಬೇಸರದ್ದು. 1919ರಲ್ಲಿ ಕೆಳಮನೆ ಹೆಂಗಸರಿಗೆ ವೋಟು ಕೊಡೋಣ ಅಂತು. 1922ರಲ್ಲಿ ಸೆನೆಟ್ ಬೇಡ ಅಂತು, 134ಕ್ಕೆ 156 ಮತ. 1936ರಲ್ಲಿ ಮೂವರು ಹೆಂಗಸರು ಸರ್ಕಾರದಲ್ಲಿ ಉಪಮಂತ್ರಿ ಸ್ಥಾನಕ್ಕೆ ಬಂದ್ರು, ಅದರಲ್ಲಿ ಒಬ್ಬರು ನೊಬೆಲ್ ಪಡೆದ ಐರೀನ್ ಜೋಲಿಯೊ-ಕ್ಯೂರಿ. ಸರ್ಕಾರದಲ್ಲಿ ಕೂರಬಹುದು, ವೋಟು ಹಾಕೋ ಹಾಗಿಲ್ಲ! ಫ್ರೆಂಚ್ ಹೆಂಗಸರು ಮೊದಲ ಸಲ ವೋಟು ಹಾಕಿದ್ದು 1945ರ ಏಪ್ರಿಲ್‌ನಲ್ಲಿ.

ಬಟ್ಟೆ ಬದಲಾದ್ರೆ ಬದುಕು ಬದಲಾಯ್ತು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಹಾಗಂತ ಬಟ್ಟೆ ಏನೂ ಮಾಡಲಿಲ್ಲ ಅನ್ನೋದೂ ತಪ್ಪು. ಉಸಿರು ಎಳೆಯೋಕೆ ಆಗೋದು, ಬಸ್ಸು ಹತ್ತೋಕೆ ಆಗೋದು, ಸೈಕಲ್ ತುಳಿಯೋಕೆ ಆಗೋದು ಸಣ್ಣ ವಿಷಯ ಅಲ್ಲ. ಆದ್ರೆ ಅದರಲ್ಲೂ ಒಂದು ಸುಳಿ ಇದೆ. ಕಾರ್ಸೆಟ್ ಹೋದ ಮೇಲೆ ಎಲಾಸ್ಟಿಕ್ ಪಟ್ಟಿ ಬಂತು, ಡಯಟ್ ಬಂತು, ಸಣ್ಣಗಿರಬೇಕು ಅನ್ನೋ ಕಾಟ ಬಂತು. ಮೊದಲು ಮೈಯನ್ನ ಹಿಡಿದಿಡೋಕೆ ಹೊರಗೆ ಕಡ್ಡಿ ಇತ್ತು, ಈಗ ಮೈಯೇ ತನ್ನನ್ನ ತಾನು ಹಿಡಿದಿಟ್ಟುಕೊಳ್ಳಬೇಕು. ವಿಯೊನೆ ಡ್ರೆಸ್ ಒಳಗೆ ಏನನ್ನೂ ಅಡಗಿಸೋಕೆ ಆಗಲ್ಲ. ಇನ್‌ಸ್ಟಾಗ್ರಾಂ ಕಾಲದ ನಮಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ಉಡುಗೊರೆ ಮತ್ತು ಹಕ್ಕು

1936ರ ಬೇಸಿಗೆ. ಫ್ರಾನ್ಸ್ ತುಂಬಾ ಮುಷ್ಕರ. ಕಾರ್ಖಾನೆ, ಅಂಗಡಿ, ಎಲ್ಲಾ ಕಡೆ ಕಾರ್ಮಿಕರು ಒಳಗೇ ಕೂತುಬಿಟ್ರು. ಶನೆಲ್ ಹೌಸ್‌ನ ಹುಡುಗಿಯರೂ ಮುಷ್ಕರ ಮಾಡಿದ್ರು. ಹೆಣ್ಣಿಗೆ ಸ್ವಾತಂತ್ರ್ಯ ಕೊಟ್ಟವರು ಅಂತ ಇವತ್ತಿಗೂ ಹೊಗಳಿಸಿಕೊಳ್ಳೋ ಶನೆಲ್ ತಮ್ಮದೇ ಅಂಗಡಿ ಬಾಗಿಲಲ್ಲಿ ಹೊರಗೆ ನಿಲ್ಲಬೇಕಾಯ್ತು. ಆ ಮುಷ್ಕರಗಳ ಫಲವಾಗಿ ಬಂದಿದ್ದು ವಾರಕ್ಕೆ 40 ಗಂಟೆ ಕೆಲಸ, ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ.

1939ರಲ್ಲಿ ಮತ್ತೆ ಯುದ್ಧ. ವಿಯೊನೆ ತಮ್ಮ ಹೌಸ್ ಮುಚ್ಚಿದ್ರು. ಆಗ ಅವರಿಗೆ ಅರವತ್ತಮೂರು ವರ್ಷ. 1952ರಲ್ಲಿ ತಮ್ಮ ಹತ್ತಿರ ಇದ್ದ ಡ್ರೆಸ್‌ಗಳು, ಆಲ್ಬಮ್‌ಗಳು ಎಲ್ಲವನ್ನೂ ಸಾರ್ವಜನಿಕ ಸಂಗ್ರಹಕ್ಕೆ ಕೊಟ್ಟರು. ಈಗ ಅವು ಪ್ಯಾರಿಸ್‌ನ ಅಲಂಕಾರಿಕ ಕಲೆಗಳ ಮ್ಯೂಸಿಯಂನಲ್ಲಿವೆ. 1975ರಲ್ಲಿ, 98ನೇ ವಯಸ್ಸಿಗೆ ತೀರಿಕೊಂಡರು.

ಹೌಸ್ ಮುಚ್ಚಿದ ದಿನ ಆ ಊಟದ ಹಾಲ್, ಹಲ್ಲಿನ ಡಾಕ್ಟರು, ಮಕ್ಕಳ ಕೋಣೆ, ಬೆನ್ನಿರೋ ಕುರ್ಚಿ, ಎಲ್ಲಾ ಅದರ ಜೊತೆಗೇ ಮುಚ್ಚಿಹೋಯ್ತು. ಒಳ್ಳೇ ಮಾಲೀಕರು ಕೊಟ್ಟ ಉಡುಗೊರೆ ಮಾಲೀಕರ ಜೊತೆಗೇ ಹೋಗುತ್ತೆ. 1917ರಲ್ಲಿ ಮಿದಿನೆತ್‌ಗಳು ಬೀದಿಗಿಳಿದು ತಗೊಂಡ ಶನಿವಾರ, 1936ರಲ್ಲಿ ಒಳಗೆ ಕೂತು ತಗೊಂಡ ಎರಡು ವಾರ, ಅವು ಕಾನೂನಾಗಿದ್ದರಿಂದ ಒಂದು ಹೌಸ್ ಮುಚ್ಚಿದ್ರೆ ಮುಚ್ಚಿಹೋಗೋ ಹಾಗಿರಲಿಲ್ಲ.

ಆದ್ರೆ ಕಾನೂನು ಒಂದೇ ಸಾಕು ಅಂತಲೂ ನಾನು ಹೇಳಲ್ಲ. ಅಮ್ಮ ಕೆಲಸಕ್ಕೆ ಹೋಗ್ತಿದ್ದಾಗ ಇದ್ದ 1948ರ ಫ್ಯಾಕ್ಟರಿ ಕಾಯ್ದೆ ಪ್ರಕಾರ 30ಕ್ಕಿಂತ ಹೆಚ್ಚು ಹೆಂಗಸರು ಇರೋ ಕಾರ್ಖಾನೆಯಲ್ಲಿ ಶಿಶುವಿಹಾರ ಇರಲೇಬೇಕಿತ್ತು. ಅಮ್ಮನ ಫ್ಯಾಕ್ಟರಿಯಲ್ಲೂ ಒಂದು ಕೋಣೆ ಇತ್ತಂತೆ, ಬಾಗಿಲ ಮೇಲೆ ಬೋರ್ಡೂ ಇತ್ತಂತೆ. ಒಳಗೆ ಖಾಲಿ ರಟ್ಟಿನ ಡಬ್ಬಗಳು. ತಪಾಸಣೆಗೆ ಬರೋ ದಿನ ಮಾತ್ರ ಡಬ್ಬಗಳು ಹೊರಗೆ, ತೊಟ್ಟಿಲು ಒಳಗೆ. ಕಾನೂನು ಪುಸ್ತಕದಲ್ಲಿರಬೇಕು, ಅದನ್ನ ಕೇಳೋಕೆ ಹೊರಗೆ ಬರೋ ಹೆಂಗಸರೂ ಇರಬೇಕು. ಜೊತೆಗೆ ತಾನೂ ಒಂದು ಕಾಲದಲ್ಲಿ ಹೊಲಿದಿದ್ದೆ ಅನ್ನೋದನ್ನ ಮರೆಯದ ಮಾಲೀಕರು ಸಿಕ್ಕಿದ್ರೆ ಅದು ಅದೃಷ್ಟ.

ಈ ಸಂಚಿಕೆ ಬರೆದು ಮುಗಿಸಿ ಅಮ್ಮಂಗೆ ಓದಿ ಹೇಳಿದೆ. ಕ್ರಾಸ್ ಕಟಿಂಗ್ ಭಾಗ ಬಂದಾಗ, "ಇದನ್ನ ನೂರು ವರ್ಷದ ಹಿಂದೇನೇ ಮಾಡಿದ್ರಾ?" ಅಂತ ಕೇಳಿದ್ರು. ವಿಯೊನೆಯ ಒಂದು ಡ್ರೆಸ್ ಫೋಟೋ ಫೋನಲ್ಲಿ ತೋರಿಸಿದೆ. ಎರಡು ಬೆರಳಲ್ಲಿ ಜೂಮ್ ಮಾಡಿ, ತುಂಬಾ ಹೊತ್ತು ಹೊಲಿಗೆ ಎಲ್ಲಿದೆ ಅಂತ ಹುಡುಕಿದ್ರು. ಆಮೇಲೆ ಒಂದೇ ಮಾತು: "ಇದನ್ನ ಹೊಲಿದವಳು ಚೆನ್ನಾಗಿ ಕೂತ್ಕೊಂಡು ಹೊಲಿದಿದ್ದಾಳೆ."

ನಿಮ್ಮ ಮನೆಯಲ್ಲೂ ಗಾರ್ಮೆಂಟ್ಸ್‌ಗೆ ಹೋಗೋ, ಹೋಗ್ತಿದ್ದ ಅಮ್ಮ, ಅಕ್ಕ, ಚಿಕ್ಕಮ್ಮ ಇದ್ರೆ ಇದನ್ನ ಅವರಿಗೆ ಕೇಳಿಸಿ. ಅವರು ಏನಂದ್ರು ಅಂತ ನನಗೂ ಹೇಳಿ. ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿ ತನಕ ನಮಸ್ಕಾರ.